ನಡುವಿನ ಕುರ್ಚಿ

ನನ್ನನ್ನೇಕೆ ಕರೆದರೋ ಗೊತ್ತಿರಲಿಲ್ಲ.
ಅಚಾವೊ ಶಾಲೆಯ ಊಟದ ಕೋಣೆ, ಹಸಿ ಸೌದೆಯ ಹೊಗೆ,
ಗೋಡೆಯ ಕಾಗದದಲ್ಲಿ ನೀಲಿ ಶಾಯಿಯ ಬಾಣಗಳು:
ಆಸ್ಪತ್ರೆಯಿಂದ ದ್ವೀಪಕ್ಕೆ, ದ್ವೀಪದಿಂದ ಮನೆಗೆ.
ನರ್ಸುಗಳು ಒಂಬತ್ತು ಮಂದಿ, ಇಬ್ಬರು ಡಾಕ್ಟರು,
ಹೊರದ್ವೀಪಗಳ ಆರೋಗ್ಯ ಸಹಾಯಕರು, ಒದ್ದೆ ಬೂಟು.
ನಾನು ರೊಸಮೆಲ್ ಚಿಗುವಾಯ್, ರೋಗಿಗಳ ಲಾಂಚು ನಡೆಸುವವನು,
ಬಾಗಿಲ ಬಳಿಯೇ ನಿಂತೆ, ಟೋಪಿ ಕೈಯಲ್ಲಿ ಹಿಡಿದು.

ಕಲಿಸಲು ಬಂದಾಕೆ ಎದುವಿಹಿಸ್ ನಾವೆಲ್ಕಿನ್
ಮೂರು ಕುರ್ಚಿ ಸಾಲಾಗಿ ಹಾಕಿದಳು.
ಇದು ಕಾಸ್ತ್ರೊದ ವಾರ್ಡು. ಅದು ಅಪಿಯಾವೊದ ಚಿಕಿತ್ಸಾಲಯ.
"ನಡುವೆ?" ಅಂದಳು.
ಯಾರೋ ಕೆಮ್ಮಿದರು.
"ನಡುವೆ ನೀರು. ಬಾ ರೊಸಮೆಲ್, ಕೂತ್ಕೊ."

ವಾರ್ಡಿನ ಹುಡುಗಿ ಕಾಗದ ಹಿಡಿದು ಗಡಗಡ ಓದಿದಳು:
ಹೆಸರು, ವಯಸ್ಸು, ಆದ ಆಪರೇಷನ್ನು,
ನಿಲ್ಲಿಸಿದ ಗುಳಿಗೆ, ಶುರುಮಾಡಿದ ಗುಳಿಗೆ.
ಆ ತುದಿಯಲ್ಲಿ ಯೆರ್ಕೊ "ಗೊತ್ತಾಯ್ತು" ಅಂತ ತಲೆದೂಗಿದ.
"ಏನು ಗೊತ್ತಾಯ್ತು? ಒಪ್ಪಿಸು,
ಮಗ್ಗಿ ಒಪ್ಪಿಸಿದ ಹಾಗೆ."
ಹೆಸರು ಬಂತು. ವಯಸ್ಸೂ ಬಂತು, ಎರಡು ವರ್ಷ ಎಳೆಯದಾಗಿ.
ನಿಲ್ಲಿಸಿದ್ದು ಶುರುವಾಯಿತು, ಶುರುವಾದದ್ದು ನಿಂತಿತು.
ಎಲ್ಲರೂ ನಕ್ಕರು. ಎದುವಿಹಿಸ್ ನಗದೆ
ವಾರ್ಡಿನ ಹುಡುಗಿಗೆ ಹೇಳಿದಳು:
"ಅವನು ಒಪ್ಪಿಸುವ ತನಕ ನೀನು ಒಪ್ಪಿಸಿಲ್ಲ."

ಆಮೇಲೆ ನನ್ನತ್ತ ತಿರುಗಿ,
"ದಾರಿಯಲ್ಲಿ ನೀನೇನು ಕಂಡೆ?"

ಹತ್ತೊಂಬತ್ತು ವರ್ಷ ಲಾಂಚು ನಡೆಸಿದ್ದೇನೆ.
ಬಸುರಿಯರು, ಚಿಪ್ಪು ಹೆಕ್ಕಲು ಮುಳುಗಿ ಕಿವಿ ಒಡೆದವರು, ಜ್ವರದ ಕೂಸುಗಳು.
ನನ್ನ ಕೈಗೆ ಬಂದದ್ದು ಪ್ಲಾಸ್ಟಿಕ್ ಸುತ್ತಿದ ಕಾಗದ,
"ಒದ್ದೆಯಾಗದಂತೆ ನೋಡಿಕೊ" ಎಂಬ ಒಂದು ಮಾತು.
ಒದ್ದೆಯಾಗಿಲ್ಲ, ಒಂದೂ.
ಈ ಪ್ರಶ್ನೆ ಮಾತ್ರ ಯಾರೂ ಕೇಳಿರಲಿಲ್ಲ.

ಅದಕ್ಕೇ ಇರಬೇಕು, ಆಟದ ರೋಗಿ ಮರೆತುಹೋಗಿ
ಬಾಯಿಗೆ ಬಂದದ್ದು ಒರ್ಮೆಸಿಂದಾ.
ಹಿಂದಿನ ಚಳಿಗಾಲ, ಸೊಂಟದ ಮೂಳೆಗೆ ಕಬ್ಬಿಣ ಹಾಕಿಸಿಕೊಂಡು ಹೊರಟವಳು
ಎಂಜಿನ್ನಿನ ಬಿಸಿಗೆ ಬೆನ್ನು ಕೊಟ್ಟು ಕೂತು
ಎರಡು ಡಬ್ಬಿ ತೋರಿಸಿದ್ದಳು, ಹಳೆಯ ಗುಲಾಬಿ, ಹೊಸ ಬಿಳಿ.
"ಎರಡೂ ರಕ್ತ ತೆಳು ಮಾಡೋದಂತೆ,
ಇನ್ನು ನಾನು ತೊರೆಯ ಹಾಗೆ ಹರೀತೀನಿ ನೋಡು."
ನಕ್ಕೆವು.
ಆಲೂಗಡ್ಡೆಯ ರೊಟ್ಟಿ ಮುರಿದು ನನಗರ್ಧ ಕೊಟ್ಟಳು.
ಅವಳು ಕಚ್ಚಿದ ಅರ್ಧದ ಅಂಚಿನಲ್ಲಿ ಕೆಂಪು.
ಹಲ್ಲು ಸಡಿಲವಿರಬೇಕು ಅಂದುಕೊಂಡೆ.
ಅಲೆ ಏಳುತ್ತಿತ್ತು, ಚುಕ್ಕಾಣಿಯತ್ತ ಹೋದೆ.
ಕಟ್ಟೆಯಲ್ಲಿ ಕಾಗದ ಕೊಟ್ಟೆ. ಒಣ ಕಾಗದ.
ಒಂಬತ್ತನೆಯ ರಾತ್ರಿ ಅದೇ ಲಾಂಚಿನಲ್ಲಿ ವಾಪಸು ತಂದಾಗ
ಬಾಯಿ ಒಂದು ಕಡೆಗೆ ವಾಲಿತ್ತು, ಮಾತಿರಲಿಲ್ಲ.
ಈಗಲೂ ಇಲ್ಲ.

ಒಲೆಯಲ್ಲಿ ಸೌದೆ ಸಿಡಿಯಿತು.
ಯೆರ್ಕೊ ತನ್ನ ಬೂಟು ನೋಡಿಕೊಂಡ;
ಅಂದು ಕಟ್ಟೆಯಲ್ಲಿ ಕಾಗದ ಇಸಿದುಕೊಂಡವನು ಅವನೇ.
ಅದಕ್ಕೆ ಸಹಿ ಹಾಕಿದವರು?
ಎದುವಿಹಿಸ್ ಕೈ ಎತ್ತಿದಳು, ಶಾಲೆಯ ಮಗುವಿನ ಹಾಗೆ.
"ಹಳೆಯದು ನಿಲ್ಲಿಸಿ ಅಂತ ಬರೆದಿದ್ದೆ. ಮೂರನೆಯ ಪುಟದಲ್ಲಿ.
ಅವಳಿಗೆ ಹೇಳಿದೆನೋ ಇಲ್ಲವೋ, ನೆನಪಿಲ್ಲ."
ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ.
ಚಹಾ ಬಂತು. ಆರಿತು.

ಸಂಜೆ, ಫಾರಮಿನ ತುದಿಗೆ ಅವಳು ಕೈಯಾರೆ ಸೇರಿಸಿದಳು:
ದಾರಿಯಲ್ಲಿ ಕಂಡದ್ದು.
ಕೆಳಗೆ ಮೂರು ಖಾಲಿ ಗೆರೆ.
ಸಾಲದು ಅಂದೆ. ಇನ್ನೊಂದು ಎಳೆದಳು.

ಮೊನ್ನೆ ಗುರುವಾರ, ಇಳಿತದ ಹೊತ್ತು,
ಮೆಟ್ಟಿಲ ತುಂಬ ಪಾಚಿ.
ಬಡಗಿ ಅವೆಲಿನೊನನ್ನು ತೋಳು ಹಿಡಿದು ಇಳಿಸಿದೆ, ಹೃದಯದ ಕಾಯಿಲೆ.
ಯೆರ್ಕೊ ಮೊದಲು ಅವನನ್ನೇ ಮಾತಾಡಿಸಿದ,
ಆಮೇಲೆ ಕಾಗದ, ಆಮೇಲೆ ನನ್ನ ಕಡೆ ನೋಡಿದ.
"ಮಲಗಲು ಹೋಗಿ ಎರಡು ಸಲ ಎದ್ದು ಕೂತ.
ಬೆಳಗ್ಗೆ ಏರಿದ್ದ ಬೂಟು ಈಗ ಏರುತ್ತಿಲ್ಲ.
ಅರ್ಧ ದಾರಿ ಹೆಂಡತಿಯನ್ನು ಬೈದ", ಇದು ಬೇಕೋ ಬೇಡವೋ.
ಗಾಳಿಗೆ ಬೆನ್ನು ಹಾಕಿ ಪೆನ್ಸಿಲಿನಲ್ಲಿ ಬರೆದುಕೊಂಡ.
"ಸರಿ, ಹೊರಡು."

ನಾನು ಹಗ್ಗ ಬಿಚ್ಚಲಿಲ್ಲ.
"ಒಪ್ಪಿಸು," ಅಂದೆ.